ದುಂಡಪ್ಪನವರ ಟಾಕಿ ಅತ್ತದ್ದು

ಸೋಮಲಿಂಗನಿಗೆ ತನ್ನ ಮೀಸೆಯ ಮೇಲಿರುವ ಅಭಿಮಾನದಲ್ಲಿ ಕಾಲುಭಾಗವಾದರೂ ಹೆಂಡತಿಯ ಮೇಲಿದ್ದಿದ್ದರೆ ಈ ಸಂಸಾರ ಬಂಗಾರವಾಗುತ್ತಿತ್ತು ಎಂದು ಚಂದ್ರವ್ವ ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದಾಳೆ. ಸೋಮಲಿಂಗ ಅದನ್ನು ಅಲ್ಲಗಳೆಯುವುದಿಲ್ಲ. ಮೀಸೆ ಎದುರುತ್ತರ ಕೊಡುವುದಿಲ್ಲ, ತವರಿನ ಸುದ್ದಿ ತೆಗೆಯುವುದಿಲ್ಲ, ತಿರುವಿದ ಕಡೆಗೆ ತಿರುಗುತ್ತದೆ. (ಈ ಮೂರನೆಯ ಗುಣವನ್ನು ಅವನು ಹೆಂಡತಿಯ ಮುಂದೆ ಎಂದೂ ಹೇಳಿಲ್ಲ. ಮೀಸೆ ದೊಡ್ಡದಾದರೂ ಧೈರ್ಯ ಅಷ್ಟು ದೊಡ್ಡದಲ್ಲ.)

ಮೀಸೆಯನ್ನು ಬಿಟ್ಟರೆ ಅವನ ಭಕ್ತಿಯೆಲ್ಲ ಸ್ಟೀಲಿನ ಮೇಲೆ. ಬೆಳಗಾವಿಯ ಆಟೋ ನಗರದಲ್ಲಿ ಅವನದೊಂದು ವೆಲ್ಡಿಂಗ್ ಶೆಡ್ಡು ಇದೆ. ಕಬ್ಬಿಣದ ಗೇಟು, ಕಿಟಕಿಯ ಸರಳು, ಸ್ಟೀಲಿನ ರೇಲಿಂಗು, ನೀರಿನ ಟಾಕಿ ಎಲ್ಲ ಅಲ್ಲಿ ತಯಾರಾಗುತ್ತವೆ. ಸದಾಶಿವನಗರದ ಅವನ ಮನೆಯಲ್ಲಿ ಮೆಟ್ಟಿಲ ರೇಲಿಂಗಿನಿಂದ ಹಿಡಿದು ಚಪ್ಪಲಿ ಸ್ಟ್ಯಾಂಡಿನವರೆಗೆ ಎಲ್ಲವೂ ಸ್ಟೀಲೇ. ಸ್ಟೀಲಿನದಲ್ಲದ್ದು ಎಂದರೆ ದೇವರ ಮುಂದಿನ ಹಿತ್ತಾಳೆಯ ದೀಪ ಒಂದೇ. ಅದು ಚಂದ್ರವ್ವನ ತವರಿನಿಂದ ಬಂದದ್ದಾದ್ದರಿಂದ ಅದರ ತಂಟೆಗೆ ಹೋಗುವ ಹಾಗಿರಲಿಲ್ಲ.

ಇಂಥ ಸೋಮಲಿಂಗನಿಗೆ ಇನ್ನೊಂದು ಮಹಾಗುಣವಿತ್ತು. ಹುಟ್ಟಿದಾಗಿನಿಂದ ಅವನು ಒಂದೂ ತಪ್ಪು ಮಾಡಿರಲಿಲ್ಲ. ಒಮ್ಮೆ ಅವನು ಮಾಡಿಕೊಟ್ಟ ಗೇಟು ನಾಲ್ಕು ಇಂಚು ದೊಡ್ಡದಾಗಿ ಕಂಬಗಳ ನಡುವೆ ಕೂರಲೇ ಇಲ್ಲ. ಗೇಟು ಸರಿಯಾಗಿಯೇ ಇದೆ, ಗೋಡೆಯನ್ನು ಅಳತೆ ತಪ್ಪಿ ಕಟ್ಟಿದ್ದಾರೆ ಎಂದು ಅವನು ಮೂರು ದಿನ ವಾದಿಸಿದ. ನಾಲ್ಕನೆಯ ದಿನ ಬೇಸತ್ತ ಆ ಮನೆಯವರು ಕಂಬ ಒಡೆಸಿದರು. ಮೀಸೆ ತಿರುವುತ್ತ ಮನೆಗೆ ಬಂದವನು ಹೆಂಡತಿಗೆ ಈ ಕಥೆಯನ್ನು ದಿಗ್ವಿಜಯದ ಹಾಗೆ ಹೇಳಿದ್ದ.

ಅವನನ್ನು ವಾದದಲ್ಲಿ ನಿಲ್ಲಿಸಿದ ಮನುಷ್ಯ ಒಬ್ಬರೇ, ಚಂದ್ರವ್ವನ ಅಪ್ಪ ದುಂಡಪ್ಪನವರು. ಖಾನಾಪುರದಲ್ಲಿ ಅವರಿಗೆ ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿ ಇತ್ತು. ಅಳಿಯ ಬಂದ ಕಾಲಕ್ಕೆ ಸ್ಟೀಲೂ ಬಂತು, ಅಂಗಡಿ ಬಡವಾಗುತ್ತ ಹೋಯಿತು. ಹೊಸ ಅಳಿಯ ಅದೇ ಅಂಗಡಿಯ ಗಾದಿಯ ಮೇಲೆ ಕುಳಿತು, ಅತ್ತೆ ಕೊಟ್ಟ ಚಹಾ ಕುಡಿಯುತ್ತ, ಸ್ಟೀಲಿನ ಪುರಾಣ ಹೇಳುತ್ತಿದ್ದ.

“ನೋಡ್ರಿ ಮಾವಾರ, ಇದರಾಗ ಕಬ್ಬಿಣದ ಜೋಡಿ ಕ್ರೋಮಿಯಂ ಬೆರೆಸಿರ್ತಾರ. ಅದು ಗಾಳಿ ಕುಡದು ಮ್ಯಾಲೆ ಒಂದು ಪೊರಿ ಕಟ್ಟತೈತಿ. ಕಣ್ಣಿಗೆ ಕಾಣಂಗಿಲ್ಲ, ಅಷ್ಟು ತೆಳ್ಳಗ. ಆ ಪೊರಿ ನೀರೂ ಗಾಳೀನೂ ಕಬ್ಬಿಣದ ತನಕ ಹೋಗಾಕ ಬಿಡಂಗಿಲ್ಲ. ಗೀರಿದ್ರೂ ಚಿಂತಿಲ್ಲ, ಗಾಳಿ ಹತ್ತಿದ ಕೂಡ್ಲೆ ತಾನ ಕೂಡಿಕೊಳ್ತೈತಿ. ನಿಮ್ಮ ಹಿತ್ತಾಳಿಗತೆ ವಾರಕ್ಕೊಮ್ಮೆ ಹುಣಸಿಹಣ್ಣು ಹಚ್ಚಿ ತಿಕ್ಕಬೇಕಾಗಿಲ್ಲ.”

ದುಂಡಪ್ಪನವರು ತೂಕದ ಬಟ್ಟನ್ನು ತಕ್ಕಡಿಯಿಂದ ಇಳಿಸುತ್ತ ಹೇಳಿದರು: “ಅಳ್ಯಾರ, ಮ್ಯಾಲೆ ಪೊರಿ ಐತಿ ಅಂದ್ರ ತೆಳಗ ಕಬ್ಬಿಣ ಐತಿ ಅಂತಾತು. ಕಬ್ಬಿಣ ಐತಿ ಅಂದ್ರ ಜಂಗೂ ಐತಿ. ನಿದ್ದಿ ಮಾಡಾಕತ್ತೈತಿ, ಅಷ್ಟ.”

“ಅದು ಏಳಂಗಿಲ್ರಿ ಮಾವಾರ.”

“ಎಬ್ಬಸಾವ್ರು ಸಿಕ್ರ ಏಳತೈತಿ.”

ತುಕ್ಕಿನ ಮಾತಿಗೆ ಸೋಮಲಿಂಗ ಕೆರಳಿದ. “ನಾ ಮಾಡಿದ ಸ್ಟೀಲಿಗೆ ಜಂಗ ಹಿಡಿದ್ರ ಈ ಮೀಸಿ ಬೋಳಿಸ್ತೀನಿ! ಪೈಜ!” ಎಂದು ಪಂತ ಕಟ್ಟಿಬಿಟ್ಟ. ದುಂಡಪ್ಪನವರು ನಕ್ಕು, “ಆತ್ರಿ, ನನಗೇನ ಅವಸರಿಲ್ಲ” ಎಂದರು. ಒಳಗೆ ಬಾಗಿಲ ಹಿಂದೆ ನಿಂತ ಅತ್ತೆ ಬಸವಣ್ಣೆವ್ವ ಇದನ್ನೆಲ್ಲ ಕೇಳಿಸಿಕೊಂಡಳು.

ಮೂವತ್ತು ವರ್ಷ ಕಳೆಯಿತು. ಅಂಗಡಿ ಮುಚ್ಚಿತು. ಹೋದ ವರ್ಷ ದುಂಡಪ್ಪನವರೂ ಲಿಂಗೈಕ್ಯರಾದರು. ಕೊನೆಯ ಎರಡು ತಿಂಗಳು ಅವರಿಗೆ ಮೂತ್ರಪಿಂಡದ ಬೇನೆ. ದಿನಕ್ಕೆ ಒಂದೇ ತಂಬಿಗೆ ನೀರು, ಅದಕ್ಕಿಂತ ಒಂದು ಗುಟುಕೂ ಹೆಚ್ಚು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಬಸವಣ್ಣೆವ್ವ ಅವರ ಹಿತ್ತಾಳೆಯ ತಂಬಿಗೆಯಲ್ಲಿ ಅಳೆದು ಕೊಡುತ್ತಿದ್ದಳು. ಕೊನೆಯ ದಿನ ಸಂಜೆ ತಂಬಿಗೆ ಖಾಲಿಯಾದ ಮೇಲೆ ಅವರು ಇನ್ನೊಂದು ಗುಟುಕು ಕೇಳಿದರು. “ಡಾಕ್ಟರು ಬ್ಯಾಡ ಅಂದಾರ್ರೀ, ಮುಂಜಾನಿ ಕೊಡ್ತೀನಿ” ಎಂದಳು ಬಸವಣ್ಣೆವ್ವ. ಮುಂಜಾನೆ ತಂಬಿಗೆ ತುಂಬಿಕೊಂಡು ಹೋದಾಗ ಕುಡಿಯುವವರು ಇರಲಿಲ್ಲ. ಆಮೇಲೆ ಅವಳು ಈ ಮಾತನ್ನು ಯಾರೊಂದಿಗೂ ಆಡಲಿಲ್ಲ. ಮಗಳಿಗೆ ಮಾತ್ರ ಒಮ್ಮೆ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಅದಕ್ಕೇ ವರ್ಷದ ಕಾರ್ಯ ಬಂದಾಗ, ಅಪ್ಪನ ಹೆಸರಿನಲ್ಲಿ ತವರುಮನೆಯ ಮುಂದೆ ಒಂದು ನೀರಿನ ಟಾಕಿ ಇಡಬೇಕು, ಬಸ್ಸಿಗೆ ಹೋಗುವ ಬರುವ ಜನ ಹೊಟ್ಟೆ ತುಂಬ ಕುಡಿಯಲಿ ಎಂದು ಚಂದ್ರವ್ವ ಹಟ ಹಿಡಿದಳು. ಖಾನಾಪುರದ ಮನೆ ನೋಡಿಕೊಳ್ಳುವವನು ಅವಳ ತಮ್ಮ ಹಣಮಪ್ಪ. ಅವನು ತಾಮ್ರದ ಹಂಡೆಯನ್ನೇ ಇಡೋಣ ಎಂದ, ಅಪ್ಪನ ಅಂಗಡಿಯದೇ ಒಂದು ಅಟ್ಟದ ಮೇಲಿತ್ತು. ಆದರೆ ಸೋಮಲಿಂಗ ಬಿಡಬೇಕಲ್ಲ? ಬದುಕಿದ್ದಾಗ ಸೋಲದ ಮಾವನನ್ನು ಸತ್ತ ಮೇಲಾದರೂ ಸ್ಟೀಲಿನಲ್ಲಿ ಕೂರಿಸಬೇಕೆಂಬ ಆಸೆ ಅವನಿಗೆ. (ಇದನ್ನು ಅವನು ಶ್ರದ್ಧಾಂಜಲಿ ಎಂದು ಕರೆದ.) ಅಚ್ಚರಿಯೆಂದರೆ ಮೂವತ್ತು ವರ್ಷದಲ್ಲಿ ಮೊದಲ ಸಲ ಚಂದ್ರವ್ವ ಗಂಡನ ಪಕ್ಷ ವಹಿಸಿದಳು. “ಹಣಮ್ಯಾ, ನಿಮ್ಮ ಮಾಮಾ ಮಾಡಿದ್ದು ಅಂದ್ರ ನೂರು ವರ್ಷ ಹೊಳೀತೈತಿ. ಜಿಮ್ಮಾ ನಂದು” ಎಂದು ಹೊಣೆ ಹೊತ್ತಳು, ನೆಂಟರಿಷ್ಟರೆಲ್ಲರ ಎದುರಿಗೆ.

ಯುಗಾದಿಯ ಮರುದಿನ ಟಾಕಿ ಕುಳಿತಿತು. ಎದುರಿಗೆ ಸ್ಟೀಲಿನ ಪಟ್ಟಿ ಬಗ್ಗಿಸಿ ಬೆಸೆದ ಅಕ್ಷರಗಳು: “ಲಿಂ. ದುಂಡಪ್ಪನವರ ಸ್ಮರಣಾರ್ಥ”. ಆ ಅಕ್ಷರಗಳನ್ನು ಸೋಮಲಿಂಗ ತಾನೇ ಕೈಯಾರೆ ಬೆಸೆದು, ತಾನೇ ತಿಕ್ಕಿ ನುಣುಪು ಮಾಡಿದ್ದ. ಬಿಸಿಲಿಗೆ ಟಾಕಿ ಥಳಥಳ ಹೊಳೆಯಿತು. ಚಂದ್ರವ್ವ ಮೊದಲ ನೀರು ತುಂಬಿ, ಅಪ್ಪನ ಹೆಸರಿನ ಮೇಲೆ ಕೈಯಾಡಿಸಿದಳು.

ಮೂರು ವಾರಕ್ಕೆ ಹಣಮಪ್ಪನ ಫೋನು ಬಂತು.

“ಮಾಮಾರ, ಲಗೂನ ಬರ್ರಿ. ಅಪ್ಪ ಅಳಾಕತ್ಯಾರ.”

“ಯಾರ ಅಪ್ಪ?”

“ನಮ್ಮಪ್ಪರೀ! ಟಾಕ್ಯಾಗ!”

ಹೋಗಿ ನೋಡಿದರೆ ಹೆಸರಿನ ಕೆಳಗೆ ಎರಡು ಕಂದುಗೆಂಪು ಗೆರೆಗಳು ಇಳಿದಿದ್ದವು, ಎರಡು ಕಣ್ಣಿನಿಂದ ಹರಿದ ಹಾಗೆಯೇ. ಬುಟ್ಟಿ ಹೊತ್ತು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, “ಮ್ಹಾತಾರಾ ರಡತೋಯ ಗ!” ಎಂದು ಮರಾಠಿಯಲ್ಲಿ ಉದ್ಗರಿಸಿ ಕೆನ್ನೆ ಬಡಿದುಕೊಂಡಳು. ಮುದುಕ ಅಳುತ್ತಿದ್ದಾನೆ ಎಂಬುದು ಹೀಗೆ ಎರಡು ಭಾಷೆಯಲ್ಲೂ ಸಾಬೀತಾಯಿತು.

ಸೋಮಲಿಂಗ ಯಾರೂ ಇಲ್ಲದ ಹೊತ್ತು ನೋಡಿ, ಪಾತ್ರೆ ತಿಕ್ಕುವ ಕಬ್ಬಿಣದ ತಂತಿಯ ಉಂಡೆ ತೆಗೆದುಕೊಂಡು ಬೆವರು ಸುರಿಸಿ ತಿಕ್ಕಿದ. ಟಾಕಿ ಕನ್ನಡಿಯಾಯಿತು. ನಿಶ್ಚಿಂತೆಯಿಂದ ಬೆಳಗಾವಿಗೆ ಬಂದ. ನಾಲ್ಕು ದಿನದಲ್ಲಿ ಮತ್ತೆ ಫೋನು. ಈಗ ಎರಡು ಗೆರೆಯಲ್ಲ, ತಿಕ್ಕಿದ ಕಡೆಯೆಲ್ಲ ಚುಕ್ಕೆಗಳು. ಕಣ್ಣೀರು ಒರೆಸಿದ್ದಕ್ಕೆ ದುಂಡಪ್ಪನವರು ಬಿಕ್ಕಿ ಬಿಕ್ಕಿ ಅಳತೊಡಗಿದ್ದಾರೆಂದು ಓಣಿಯವರು ನಿರ್ಣಯಿಸಿದರು. ಯಾರೋ ಟಾಕಿಗೆ ವಿಭೂತಿ ಬಳಿದರು. ಇನ್ಯಾರೋ ಕಾಯಿ ಒಡೆದರು. ನೀರು ಕುಡಿಯಲು ಮಾತ್ರ ಒಬ್ಬರೂ ಬರಲಿಲ್ಲ.

ಸದಾಶಿವನಗರದ ಮನೆಯಲ್ಲಿ ಚಂದ್ರವ್ವ ಮಾತು ನಿಲ್ಲಿಸಿದಳು. ಬೈದಿದ್ದರೆ ಸೋಮಲಿಂಗನಿಗೆ ಹಿತವಾಗಿರುತ್ತಿತ್ತು, ಅಭ್ಯಾಸವಿತ್ತು. ರೊಟ್ಟಿ ಬಡಿಯುವ ಸದ್ದೂ ಕೇಳಿಸಲಿಲ್ಲ, ಅನ್ನ ಮಾತ್ರ ಇಟ್ಟು ಒಳಗೆ ಹೋಗುತ್ತಿದ್ದಳು. ಅವನು ಒಬ್ಬನೇ ಕುಳಿತು ಕಾರಣ ಹುಡುಕಿದ. ಮೊದಲು ತಗಡು ಮಾರಿದವನು ಮೋಸ ಮಾಡಿದ್ದಾನೆಂದ. ಆಮೇಲೆ ಖಾನಾಪುರದ ನೀರು ಕೆಟ್ಟದ್ದೆಂದ. ಹಣಮಪ್ಪನ ಮನೆಯವರು ಬ್ಲೀಚಿಂಗ್ ಪುಡಿ ಹಾಕಿ ತೊಳೆದಿರಬೇಕು, ಅದು ಪೊರೆಯನ್ನು ತಿನ್ನುತ್ತದೆ ಎಂದ. (ತಿನ್ನುತ್ತದೆ, ಅದು ನಿಜ. ಆದರೆ ಅವರು ಹಾಕಿರಲಿಲ್ಲ.) ಕೊನೆಗೆ ಅಯಸ್ಕಾಂತ ಹಿಡಿದುಕೊಂಡು ಖಾನಾಪುರದ ಬಸ್ಸು ಹತ್ತಿದ. ಅಗ್ಗದ ತಗಡಾದರೆ ಅಂಟಿಕೊಳ್ಳುತ್ತದೆ, ಆಗ ತಪ್ಪನ್ನು ಅಂಗಡಿಯವನ ತಲೆಗೆ ಕಟ್ಟಬಹುದು. ಟಾಕಿಯ ನಾಲ್ಕೂ ಮಗ್ಗುಲಿಗೆ ಹಿಡಿದ. ಆ ಪಾಪಿ ಅಯಸ್ಕಾಂತ ಅಂಟಲಿಲ್ಲ. ತಗಡು ಒಳ್ಳೆಯದಿದ್ದದ್ದಕ್ಕೆ ಕಣ್ಣೀರು ಹಾಕಿದ ಮೊದಲ ಗಿರಾಕಿ ಅವನೇ ಇರಬೇಕು.

ಅಂದು ಅವನು ಮನೆಯೊಳಗೆ ಹೋಗಿ ಅತ್ತೆಯನ್ನು ನೋಡಿದ. ಬಸವಣ್ಣೆವ್ವ ಗೋಡೆಗೆ ಒರಗಿ ಕುಳಿತಿದ್ದಳು. ತುಟಿ ಒಡೆದಿತ್ತು. ಬಾಜುವಿನಲ್ಲಿ ಆ ಹಿತ್ತಾಳೆಯ ತಂಬಿಗೆ.

“ದಿನಕ್ಕ ಒಂದ ತಂಬಿಗಿ ಕುಡ್ಯಾಕತ್ತಾಳ್ರಿ ಮಾಮಾರ” ಎಂದ ಹಣಮಪ್ಪ, ಧ್ವನಿ ಇಳಿಸಿ. “ಇಂಥಾ ಬಿಸಲಾಗ! ಮೊನ್ನಿ ತಲಿ ತಿರುಗಿ ಬಿದ್ಲು, ಸಲೈನ್ ಹಚ್ಚಿಸಿದ್ವಿ. ಅವರಿಗೆ ಎಷ್ಟ ಕೊಟ್ಟೆನೋ ನನಗೂ ಅಷ್ಟ ಸಾಕು ಅಂತಾಳ. ಅಪ್ಪ ನೀರಿಗಾಗಿ ಅಳಾಕತ್ಯಾರಂತ.”

ಸೋಮಲಿಂಗ ಅಯಸ್ಕಾಂತವನ್ನು ಜೇಬಿಗೆ ಇಳಿಸಿದ. ಅದುವರೆಗೆ ಅವನು ಟಾಕಿಯ ಚಿಂತೆ ಮಾಡಿದ್ದ, ಮೀಸೆಯ ಚಿಂತೆ ಮಾಡಿದ್ದ. ಹೆಣ್ಣುಜೀವವೊಂದು ಇದರಲ್ಲಿ ಒಣಗುತ್ತಿದೆ ಎಂಬುದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಓಣಿಯಲ್ಲಿ ಯಾರೂ ಅವನನ್ನು ದೂರುತ್ತಿರಲಿಲ್ಲ. ಇದು ಪವಾಡ ಎಂದು ಎಲ್ಲರೂ ಒಪ್ಪಿದ್ದರು. ಸುಮ್ಮನಿದ್ದರೆ ಅವನ ಕೆಲಸಕ್ಕೂ ಕುಂದಿಲ್ಲ, ಮೀಸೆಗೂ ಕುಂದಿಲ್ಲ. ಅವನು ಬೆಳಗಾವಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆ ತಂಬಿಗೆ ಕಣ್ಣಮುಂದೆ ಇತ್ತು.

ಮರುದಿನ ಶೆಡ್ಡಿನಲ್ಲಿ ಅವನು ಕಾಸಿಮಸಾಬನನ್ನು ಕೇಳಿದ. ಕಾಸಿಮಸಾಬ ಇಪ್ಪತ್ತೆರಡು ವರ್ಷದಿಂದ ಅವನಲ್ಲಿ ವೆಲ್ಡಿಂಗ್ ಮಾಡುವವನು, ಕೇಳಿದರೆ ಮಾತ್ರ ಮಾತಾಡುವವನು.

“ಕಾಸಿಮ, ಆ ಟಾಕಿಗೆ ಏನಾಗೇತಿ?”

“ಹೇಳ್ಲೇನ್ರಿ ಮಾಲಕ್?”

“ಹೇಳು.”

“ಸಿಟ್ಟಾಗಬಾರ್ದು.”

“ಹೇಳಂದ್ರ ಹೇಳೋ!”

“ಅವತ್ತ ಸ್ಟೀಲ್ ತಿಕ್ಕಾಕ ಮಷೀನಿಗೆ ಬ್ಯಾರೆ ಡಿಸ್ಕ್ ಹಾಕೂಣ್ರಿ ಅಂದೆ. ನೀವು, ಯುಗಾದಿ ಬಂತು, ಟೈಮಿಲ್ಲ ಅಂದ್ರಿ. ಕಬ್ಬಿಣದ ಗೇಟ್ ತಿಕ್ಕಿದ ಡಿಸ್ಕಿನಿಂದನ ಅಕ್ಷರಾ ತಿಕ್ಕಿದ್ರಿ. ಬಾಜೂಕ ನಾವು ಗೇಟ್ ಕೊಯ್ಯಾಕತ್ತಿದ್ವಿ, ಕಿಡಿ ಎಲ್ಲಾ ಟಾಕಿ ಮ್ಯಾಲೆ ಬಿದ್ದಾವು. ಆ ಕಬ್ಬಿಣದ ಪುಡಿ ಸ್ಟೀಲಿನಾಗ ಕಚ್ಚಿ ಕುಂತೈತಿ. ಜಂಗ ಹಿಡದದ್ದು ಮೊದಲ ಅದಕ್ಕ. ಅದರ ತೆಳಗ ಗಾಳಿ ಹೋಗಂಗಿಲ್ಲ, ಪೊರಿ ಕೂಡಂಗಿಲ್ಲ, ಆಮ್ಯಾಲೆ ಸ್ಟೀಲೂ ಕೆಡತೈತಿ. ಬೆಸದ ಜಾಗಾ ಸುಟ್ಟು ಕರ್ರಗಾಗಿತ್ತು, ಅದನ್ನೂ ತೊಳಿಲಿಲ್ಲ ನೀವು.”

“ಮತ್ತ ಮೊನ್ನಿ ತಂತಿಲೆ ತಿಕ್ಕಿದ್ದು?”

ಕಾಸಿಮಸಾಬ ಹಣೆ ಒತ್ತಿಕೊಂಡ. “ಅದೂ ಕಬ್ಬಿಣಾನ ಅಲ್ರೀ ಮಾಲಕ್?”

ಎಬ್ಬಿಸುವವರು ಸಿಕ್ಕರೆ ಏಳುತ್ತದೆ ಎಂದಿದ್ದರು ದುಂಡಪ್ಪನವರು. ಮೂವತ್ತು ವರ್ಷ ಮಲಗಿದ್ದ ಜಂಗನ್ನು ಎರಡೆರಡು ಸಲ ಮೈ ಅಲುಗಿಸಿ ಎಬ್ಬಿಸಿದವನು ತಾನೇ ಎಂದು ಸೋಮಲಿಂಗನಿಗೆ ಈಗ ತಿಳಿಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅತ್ತೆಯ ಜೀವದ ಹೆದರಿಕೆಯಾಯಿತು. ಅದೇ ಮಧ್ಯಾಹ್ನ ಹೆಂಡತಿಯನ್ನೂ ಕಾಸಿಮಸಾಬನನ್ನೂ ಕರೆದುಕೊಂಡು ಖಾನಾಪುರಕ್ಕೆ ಹೊರಟ.

ಅತ್ತೆಯ ಮುಂದೆ ಕುಳಿತು, ಮೀಸೆಯ ತುದಿಯನ್ನು ಎರಡು ಸಲ ನೇವರಿಸಿ, ಅವನು ಆ ಐತಿಹಾಸಿಕ ವಾಕ್ಯವನ್ನು ನುಡಿದ: “ಅತ್ತೆವ್ವಾ, ತಪ್ಪು ನಂದು.”

ಅವನು ಡಿಸ್ಕು, ಕಿಡಿ, ಪೊರೆ, ಗಾಳಿ ಎಲ್ಲವನ್ನೂ ಹೇಳಿದ. ಮಾವನವರು ಅಳುತ್ತಿಲ್ಲ, ಅದು ತನ್ನ ಶೆಡ್ಡಿನ ಕಬ್ಬಿಣದ ಪುಡಿ ಎಂದ. ಬಸವಣ್ಣೆವ್ವ ಮಗಳ ಮುಖ ನೋಡಿದಳು.

ಚಂದ್ರವ್ವ ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು. “ನಂಬಬ್ಯಾಡ ಅವ್ವಾ. ನಿನಗ ನೀರು ಕುಡಸಬೇಕಂತ ಸುಳ್ಳ ಹೇಳಾಕತ್ತಾರ. ಈ ಮನಷ್ಯಾ ಹುಟ್ಟಿದಾಗಿಂದ ತಪ್ಪು ನಂದು ಅಂದಿಲ್ಲ.”

“ಚಂದ್ರೀ, ಖರೇನ ನಂದ ತಪ್ಪು!”

“ಅಂದ್ರ ಗೇಟ್ ದೊಡ್ಡದಾದಾಗ ಯಾಕ ಅನ್ಲಿಲ್ಲ?”

“ಅದೂ ನಂದ ತಪ್ಪು!”

“ನೋಡವ್ವಾ! ಗ್ವಾಡಿ ತಪ್ಪು ಅಂತ ನನ್ನ ಮುಂದ ಆಣಿ ಮಾಡಿ ಹೇಳಿದ್ರು. ಈಗ ಅದಕ್ಕೂ ಹ್ಞೂ ಅನ್ನಾಕತ್ತಾರ. ನಿನ್ನ ಸಲುವಾಗಿ ಏನ ಕೇಳಿದ್ರೂ ಒಪ್ಪಗೊಳ್ತಾರ ಇವತ್ತ.” ಅವಳ ಕಣ್ಣು ತುಂಬಿ ಬಂತು. ಗಂಡ ಇಷ್ಟು ಒಳ್ಳೆಯವನೆಂದು ಅವಳಿಗೆ ಗೊತ್ತಿರಲಿಲ್ಲ.

ಸೋಮಲಿಂಗ ಕಾಸಿಮಸಾಬನ ಕಡೆ ತಿರುಗಿದ. “ಹೇಳೋ ಕಾಸಿಮ!” ಕಾಸಿಮಸಾಬ ಹೇಳಿದ. ಆದರೆ ಮಾಲೀಕನ ಉಪ್ಪು ತಿಂದವನ ಸಾಕ್ಷಿ ಎಂದು ಹಣಮಪ್ಪ ಅದನ್ನು ತಳ್ಳಿಹಾಕಿದ. ಸೋಮಲಿಂಗ ಇನ್ನಷ್ಟು ತಪ್ಪುಗಳನ್ನು ಒಪ್ಪಿಕೊಂಡ. ಮದುವೆಯಲ್ಲಿ ಊಟ ಕಡಿಮೆ ಬಿದ್ದದ್ದು ತಾನು ಹೇಳದೆ ಅರವತ್ತು ಜನರನ್ನು ಕರೆತಂದದ್ದರಿಂದ ಎಂದ. ಚಂದ್ರವ್ವನ ಹೊಲಿಗೆ ಮಷೀನು ಕೆಡಿಸಿದ್ದು ತಾನೇ ಎಂದ. ಒಂದೊಂದು ತಪ್ಪಿಗೂ ಚಂದ್ರವ್ವ ಹೆಚ್ಚು ಹೆಚ್ಚು ಅತ್ತಳು, ನಂಬಿಕೆ ಮಾತ್ರ ಇನ್ನಷ್ಟು ಕಡಿಮೆಯಾಯಿತು. ಮೂವತ್ತು ವರ್ಷ ಸುಳ್ಳನ್ನು ನಂಬಿಸಿದ ಮನುಷ್ಯನಿಗೆ ಒಂದು ಸತ್ಯವನ್ನು ನಂಬಿಸಲು ಆಗಲಿಲ್ಲ.

ಆಗ ಬಸವಣ್ಣೆವ್ವ ಒಣಗಿದ ತುಟಿ ಅಲುಗಿಸಿದಳು. “ಅಳ್ಯಾರ, ಗಾದಿ ಮ್ಯಾಲೆ ಕುಂತು ಅವರಿಗೆ ಒಂದ ಮಾತ ಕೊಟ್ಟಿದ್ರಿ. ನಾ ಬಾಗಲ ಹಿಂದ ಇದ್ದೆ.”

ಸೋಮಲಿಂಗನ ಕೈ ತಾನಾಗಿ ಮೀಸೆಗೆ ಹೋಯಿತು.

“ನನ್ನ ಸಮಾಧಾನಕ್ಕ ಸುಳ್ಳ ಹೇಳಾಕ ನಾಲಿಗಿ ಸಾಕು. ಮೀಸಿ ತಗಿಯಾಕ ಮಾತ್ರ ಖರೇ ತಪ್ಪ ಬೇಕು. ನಿಮ್ಮನ್ನ ನಾ ನೋಡೀನಲ್ಲ. ತಗದ್ರ ನಂಬತೀನಿ.”

ಸೋಮಲಿಂಗ ಎದ್ದ. ತಂಬಿಗೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಬಸ್ ನಿಲ್ದಾಣದ ಹತ್ತಿರದ ಕ್ಷೌರದ ಅಂಗಡಿಯವನು ಕತ್ತರಿ ಹಿಡಿದು, ಸ್ವಲ್ಪ ಸಣ್ಣ ಮಾಡಲೇ ಎಂದು ಕೇಳಿದ. ಪೂರ್ತಿ ಎಂದ ಸೋಮಲಿಂಗ. ಕ್ಷೌರದವನು ಮೂರು ಸಲ ಕೇಳಿದ. ಮೂರನೆಯ ಸಲ ಸೋಮಲಿಂಗ ಕಣ್ಣು ಮುಚ್ಚಿಕೊಂಡ.

ಅವನು ಮರಳಿ ಬಾಗಿಲಲ್ಲಿ ನಿಂತಾಗ ಹಣಮಪ್ಪ ಗುರುತು ಸಿಗದೆ, “ಯಾರ ಬೇಕಾಗಿತ್ರಿ?” ಎಂದ. ಬಸವಣ್ಣೆವ್ವ ಅಳಿಯನ ಬೋಳು ತುಟಿಯನ್ನು ಬಹಳ ಹೊತ್ತು ನೋಡಿದಳು. ಅವಳ ಮೈ ಅಲುಗಿತು. ಅಳುತ್ತಿದ್ದಾಳೆಂದು ಚಂದ್ರವ್ವ ಹತ್ತಿರ ಓಡಿದಳು. ಮುದುಕಿ ನಗುತ್ತಿದ್ದಳು.

“ಅವರು ಅಳಾಕತ್ತಿರ್ಲಿಲ್ಲ ಬಿಡವ್ವಾ” ಎಂದಳು, ಕಣ್ಣೊರೆಸಿಕೊಳ್ಳುತ್ತ. “ಅವಸರಿಲ್ಲ ಅಂದಿದ್ರು. ಕಾದ್ರು, ಗೆದ್ರು. ತಂಬಿಗಿ ತಾ.”

ಮೊದಲ ತಂಬಿಗೆಯನ್ನು ಅವಳು ಒಂದೇ ಉಸಿರಿಗೆ ಕುಡಿದಳು. ಎರಡನೆಯದನ್ನು ಕೈಯಲ್ಲಿ ಹಿಡಿದು, “ಆ ಸಂಜಿ ಇದನ್ನ ಕೊಡಬೇಕಿತ್ತ ನಾ” ಎಂದಳು. ಚಂದ್ರವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. ಮುದುಕಿ ಅದನ್ನೂ ಕುಡಿದಳು.

ಹೊರಗೆ ಕಾಸಿಮಸಾಬ ಟಾಕಿ ಖಾಲಿ ಮಾಡಿ, ಅಕ್ಷರಗಳಿಗೂ ಚುಕ್ಕೆ ಬಿದ್ದ ಕಡೆಗೂ ಕಬ್ಬಿಣದ ಪುಡಿ ಕರಗಿಸುವ ಆ್ಯಸಿಡ್ಡಿನ ಲೇಪ ಹಚ್ಚಿ, ನಾಲ್ಕು ಸಲ ತೊಳೆದು, ಏನನ್ನೂ ಮುಚ್ಚದೆ ಗಾಳಿಗೆ ಬಿಟ್ಟ. ನಾಳೆಯ ಹೊತ್ತಿಗೆ ಪೊರೆ ಮತ್ತೆ ಕೂಡುತ್ತದೆ ಎಂದ. ಮೀಸೆಗೆ ಎಷ್ಟು ದಿನ ಬೇಕೆಂದು ಸೋಮಲಿಂಗ ಯಾರನ್ನೂ ಕೇಳಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಚಂದ್ರವ್ವ ಅವನ ಮುಖವನ್ನೇ ನೋಡುತ್ತಿದ್ದಳು.

“ಏನ ನೋಡಾಕತ್ತಿ?”

“ಬಾಯಿ ಇಷ್ಟ ಸಣ್ಣದೈತಿ ನಿಮ್ಮದು” ಎಂದಳು. “ಇದರಾಗಿಂದ ಅಷ್ಟ ಮಾತ ಹೆಂಗ ಬರ್ತಿದ್ವು?” ಆಮೇಲೆ ತುಸು ಗಂಭೀರವಾಗಿ, “ಹೊಲಿಗಿ ಮಷೀನು ಖರೇನ ನೀವ ಕೆಡಿಸಿದ್ದೇನು?” ಎಂದು ಕೇಳಿದಳು. ಇನ್ನೂ ಹದಿನಾರು ಕಿಲೋಮೀಟರು ದಾರಿ ಇತ್ತು.

ಮರುದಿನ ಆಟೋ ನಗರದಲ್ಲಿ ಪಕ್ಕದ ಪೇಂಟ್ ಅಂಗಡಿಯವನು ಅವನ ಮುಖ ನೋಡಿ, ಕೈಯಲ್ಲಿದ್ದ ಚಹಾ ಕೆಳಗಿಟ್ಟು ಓಡಿ ಬಂದ. “ಅಯ್ಯ ಸೋಮಲಿಂಗಣ್ಣಾರ, ಯಾರ ತೀರ್ಕೊಂಡ್ರಿ?”

“ನಮ್ಮ ಮಾವಾರು.”

“ಯಾವಾಗ್ರಿ?”

“ಹೋದ ವರ್ಷ.”

ಅವನು ಕಕ್ಕಾಬಿಕ್ಕಿಯಾಗಿ ಕಾಸಿಮಸಾಬನ ಕಡೆ ನೋಡಿದ. ಕಾಸಿಮಸಾಬ ಸ್ಟೀಲಿಗೆಂದೇ ತಂದ ಹೊಸ ಡಿಸ್ಕನ್ನು ಕೂರಿಸುತ್ತಿದ್ದವನು ತಲೆ ಎತ್ತದೆ ಹೇಳಿದ: “ತೀರ್ಕೊಂಡದ್ದು ಹೋದ ವರ್ಷರಿ. ಗೆದ್ದದ್ದು ನಿನ್ನಿ.”

ಸೋಮಲಿಂಗ ಎದುರುತ್ತರ ಕೊಡಲು ಬಾಯಿ ತೆರೆದ. ಮಾತಿಗೆ ಮುಂಚೆ ತಿರುವಿಕೊಳ್ಳೋಣವೆಂದು ಕೈ ಮೇಲೆ ಹೋಯಿತು. ಅಲ್ಲಿ ಏನೂ ಸಿಗಲಿಲ್ಲ. ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕುಳಿತ.